ಕಾಲಿನಿಂದ ಒತ್ತುವ ಪಂಪು

ರಸೀದಿಯ ಮೇಲೆ ೫-೫-೨೦೦೨ ಎಂದಿದೆ. ಅದು ತಪ್ಪು. ಆ ದಿನ ರವಿವಾರ. ಬಾಗಲಕೋಟೆಯ ಆ ಬಿಡಿಭಾಗಗಳ ಅಂಗಡಿ ರವಿವಾರ ಬಾಗಿಲು ತೆರೆಯುತ್ತಿರಲಿಲ್ಲ. ನನ್ನ ಕಿಸೆ ದಿನಚರಿಯಲ್ಲಿ ಅದೇ ಖರೀದಿ ಮೇ ನಾಲ್ಕು, ಶನಿವಾರದ ಪುಟದಲ್ಲಿದೆ. ಆಗ ನಾನು ಕೆಲಸದಲ್ಲಿದ್ದ ಬಾದಾಮಿಯಿಂದ ಬಾಗಲಕೋಟೆಗೆ ಹೋದ ಬಸ್ಸಿನ ಟಿಕೆಟ್ಟನ್ನೂ ಆ ಪುಟಕ್ಕೆ ಅಂಟಿಸಿದ್ದೇನೆ. ಹೀಗಾಗಿ ಗಾಳಿ ಹಾಕುವ ಪಂಪನ್ನು ನಾನು ಕೊಂಡದ್ದು ಶನಿವಾರವೆಂದೇ ಇಟ್ಟುಕೊಳ್ಳಬೇಕು. ಅಂಗಡಿಯವರು ಅಂದು ನನ್ನ ಪ್ರಶ್ನೆಗಳಿಂದ ಬೇಸತ್ತಿದ್ದರು. ತಾರೀಖು ಬರೆಯುವಾಗ ಅವರ ಕೈ ತಪ್ಪಿದ್ದರೆ ಅದರಲ್ಲಿ ನನ್ನ ಪಾಲೂ ಇದೆ.

ಶಾಸನಗಳ ತಿಥಿ, ವಾರ, ಸಂವತ್ಸರಗಳನ್ನು ತಾಳೆ ನೋಡುವುದರಲ್ಲಿಯೇ ನನ್ನ ಸೇವಾವಧಿ ಕಳೆದಿದೆ. ಕಲ್ಲಿನ ಮೇಲೆ ಅಮಾವಾಸ್ಯೆ, ಸೋಮವಾರ ಎಂದು ಕೊರೆದಿದ್ದರೆ, ಆ ವರ್ಷದ ಆ ಮಾಸದಲ್ಲಿ ಅಮಾವಾಸ್ಯೆ ಸೋಮವಾರವೇ ಬಿದ್ದಿತ್ತೆ ಎಂದು ಗಣಿಸಿ ನೋಡದೆ ಮುಂದಿನ ಸಾಲಿಗೆ ನಾನು ಹೋದದ್ದಿಲ್ಲ. ನಿವೃತ್ತಿಯ ನಂತರವೂ ಆ ಅಭ್ಯಾಸ ಬಿಟ್ಟಿಲ್ಲ. ಆದ್ದರಿಂದ ಈ ಬರವಣಿಗೆಯ ತಾರೀಖುಗಳ ಬಗ್ಗೆ ಓದುವವರು ನಿಶ್ಚಿಂತರಾಗಿರಬಹುದು. ನಾನು ಎಡವಿದ್ದು ಬೇರೆ ಕಡೆ.

ನನ್ನ ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಎರಡನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಅವಳ ಎರಡೂ ಕಾಲುಗಳ ಬಲ ಹೋಯಿತು. ಬಲಗಾಲಿಗೆ ಕಬ್ಬಿಣದ ಪಟ್ಟಿಯ ಆಸರೆ ಕಟ್ಟಿಕೊಂಡು, ಕಂಕುಳಿಗೆ ಕೋಲು ಕೊಟ್ಟುಕೊಂಡು ಇಳಕಲ್ಲಿನ ಮನೆಯೊಳಗೆ ಓಡಾಡುತ್ತಿದ್ದಳು. ನಮ್ಮದು ನೇಕಾರರ ಮನೆ. ಕುಣಿಮಗ್ಗದಲ್ಲಿ ಕೂತು ಕಾಲಿನಿಂದ ಹಲಗೆ ತುಳಿಯುವುದು ಅವಳಿಗೆ ಸಾಧ್ಯವಿರಲಿಲ್ಲವಾದ್ದರಿಂದ, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುವ ಕೆಲಸ ಅವಳ ಪಾಲಿಗೆ ಬಂದಿತ್ತು. ಆ ಕೆಲಸದ ಬಿಡುವಿನಲ್ಲೇ ಮನೆಯಲ್ಲಿ ಓದಿ ಪದವಿ ಮುಗಿಸಿದಳು. ೧೯೯೮ರಲ್ಲಿ ಹುನಗುಂದದ ಒಂದು ಶಾಲೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ಒಂದು ದಿನ ಬಸ್ಸಿನ ಮೆಟ್ಟಿಲ ಮೇಲಿಂದ ಬಿದ್ದಳು. ಬಸ್ಸಿನ ಜನವೆಲ್ಲ ಇಳಿದು ಸುತ್ತ ನಿಂತರು, ಯಾರೋ ಇಬ್ಬರು ಕಾಳಿನ ಚೀಲ ಎತ್ತುವಂತೆ ಅವಳನ್ನು ಎತ್ತಿ ರಸ್ತೆಯ ಬದಿಗಿಟ್ಟರು. ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಬಿದ್ದದ್ದರ ಬಗ್ಗೆ ಅವಳು ಆಮೇಲೆ ಏನೂ ಹೇಳಲಿಲ್ಲ. ಎತ್ತಿದ್ದರ ಬಗ್ಗೆ ಮಾತ್ರ ಒಮ್ಮೆ ಹೇಳಿದ್ದಳು.

೨೦೦೨ರ ಮಾರ್ಚಿನಲ್ಲಿ ಹುನಗುಂದದ ಒಂದು ಸರಕಾರಿ ಕಚೇರಿಯಿಂದ ಗುಮಾಸ್ತೆಯ ಹುದ್ದೆಗೆ ಅವಳ ನೇಮಕದ ಆದೇಶ ಬಂತು. ವಯೋಮಿತಿಯ ದೃಷ್ಟಿಯಿಂದ ಅವಳಿಗೆ ಅದು ಕೊನೆಯ ವರ್ಷ. ಹಾಜರಾಗಲು ಕೊಟ್ಟ ಅವಧಿಯನ್ನು ಒಂದು ಸಲ ಮುಂದೂಡಿಸಿಕೊಂಡೆವು. ಹೊಸ ಅವಧಿ ಮೇ ಹದಿಮೂರು, ಸೋಮವಾರಕ್ಕೆ ಮುಗಿಯುತ್ತಿತ್ತು. ಅಂದು ಹಾಜರಾಗದಿದ್ದರೆ ಆದೇಶ ತಾನಾಗಿ ರದ್ದಾಗುವುದೆಂದು ಪತ್ರದಲ್ಲಿ ಸ್ಪಷ್ಟವಾಗಿತ್ತು.

ಅದಕ್ಕಿಂತ ಕಠಿಣವಾದ ಇನ್ನೊಂದು ಷರತ್ತು ಪತ್ರದಲ್ಲಿ ಇರಲಿಲ್ಲ. ಅವಧಿ ಕೇಳಲು ಹೋದಾಗ ಅಲ್ಲಿನ ಅಧಿಕಾರಿ ತಂಗಿಯ ಕಾಲುಗಳನ್ನು ನೋಡಿ, ದಿನಾ ಇಳಕಲ್ಲಿನಿಂದ ಹೇಗೆ ಬರುತ್ತೀರಿ ಎಂದು ಕೇಳಿದ್ದರು. ಪಕ್ಕದ ಗಾಲಿಗಳಿರುವ ಸ್ಕೂಟರಿನಲ್ಲಿ ಬರುತ್ತೇನೆ ಎಂದಳು ಅವಳು. ಹಿಂದೆ ಶಾಲೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಅಂಥ ಗಾಡಿಯಲ್ಲಿ ಓಡಿಸಲು ಕಲಿತಿದ್ದಳು. ಅವರು ಬೈಯಲಿಲ್ಲ, ನಗಲೂ ಇಲ್ಲ.

"ಒಬ್ಬಾಕೆನ ಗಾಡಿ ಹೊಡಕೊಂಡ ಬಂದು ತೋರಸ್ರಿ ತಂಗಿ. ಆಮ್ಯಾಲ ಸಹಿ ಮಾಡ್ತೇನಿ" ಎಂದರು.

ಅಂದಿನಿಂದ ನಮ್ಮ ಮನೆಗೆ ಅದೊಂದೇ ಮಾತು ಉಳಿಯಿತು: ಒಬ್ಬಳೇ, ಗಾಡಿಯ ಮೇಲೆ, ಹದಿಮೂರನೇ ತಾರೀಖು.

ಹಳೆಯದೊಂದು ಸ್ಕೂಟರನ್ನು ಬಾಗಲಕೋಟೆಯಲ್ಲಿ ಕೊಂಡು, ಅಲ್ಲಿನ ಒಬ್ಬ ಬೆಸುಗೆಗಾರರಿಗೆ ಕೊಟ್ಟಿದ್ದೆ. ಹಿಂದಿನ ಗಾಲಿಯ ಎಡಬಲಕ್ಕೆ ಒಂದೊಂದು ಗಾಲಿ ಜೋಡಿಸಿ, ಕಿಕ್ಕನ್ನೂ ಬ್ರೇಕನ್ನೂ ಕೈಗೆ ಸಿಗುವಂತೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ಆದರೆ ಅದು ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಕೆಳಗಿನ ಓಣಿಗಳಿಗೆ ಬಂದ ಕಾಲ. ಅವರ ಕಾರ್ಖಾನೆ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಹೋಗುವುದರಲ್ಲಿತ್ತು. ಅರ್ಧ ಸಾಮಾನು ಇಲ್ಲಿ, ಅರ್ಧ ಅಲ್ಲಿ. ಎಡಗಡೆಗೆ ಸರಿಯಾದ ಗಾಲಿ ಸಿಗದೆ, ಸ್ಕೂಟರಿನ ಬೆನ್ನಿಗಿದ್ದ ಹೆಚ್ಚುವರಿ ಗಾಲಿಯನ್ನೇ ತೆಗೆದು ಅಲ್ಲಿ ಕೂಡಿಸಿದರು. ಗಾಡಿ ಮೇ ಹನ್ನೊಂದರ ಸಂಜೆಯೊಳಗೆ ಸಿದ್ಧವಾಗುವುದೆಂದೂ ಅದಕ್ಕಿಂತ ಒಂದು ದಿನ ಮೊದಲು ಬ್ರಹ್ಮ ಬಂದರೂ ಆಗುವುದಿಲ್ಲವೆಂದೂ ಹೇಳಿದರು.

ಅದನ್ನು ಇಳಕಲ್ಲಿಗೆ ಓಡಿಸಿಕೊಂಡು ಹೋಗುವವರು ಯಾರು? ನನಗೆ ಸೈಕಲ್ಲೂ ಬಾರದು. ಎರಡು ಗಾಲಿಯ ರೂಢಿಯಿದ್ದವರು ನಾಲ್ಕು ಗಾಲಿಯ ಆ ಗಾಡಿಯನ್ನು ತಿರುವಿನಲ್ಲಿ ಹಿಡಿಯಲಾರದೆ ಬಿಟ್ಟುಕೊಟ್ಟರು. ಸಾಮಾನು ಸಾಗಿಸುವ ಟೆಂಪೊ ಒಂದೇ ಗತಿಯಾಯಿತು. ಟೆಂಪೊ ಓಡಿಸುವವನು ನನ್ನ ವಯಸ್ಸಿನವನೇ, ನವನಗರದ ಮನೆಗಳಿಗೆ ಹಳೆಯ ಊರಿನ ಸಂಸಾರಗಳನ್ನು ಸಾಗಿಸಿ ಸಾಗಿಸಿ ಪಳಗಿದವನು. ಸ್ಕೂಟರನ್ನು ಒಂದು ಸುತ್ತು ಹಾಕಿ ನೋಡಿ ಅವನು ತನ್ನ ಪದ್ಧತಿಯನ್ನು ಹೇಳಿದ.

"ಗಾಳಿ ಇಳಿಸಿ ಏರಸ್ತೇನ್ರಿ ಸರ. ಗಾಲ್ಯಾಗ ಗಾಳಿ ಇದ್ರ ಗಾಡಿ ಕುಣೀತೈತಿ, ಹಗ್ಗ ಸಡ್ಲ ಆಗತಾವು. ಬ್ಯಾರೆ ಸ್ಕೂಟರ್ ಆದ್ರ ಬದಿಗಿ ಆನಿಸಿ ಕಟ್ಟಬಹುದು, ಇದು ಆನಂಗಿಲ್ಲ. ಅಲ್ಲಿ ಇಳಿಸಿದ ಮ್ಯಾಲ ಗಾಳಿ ಹೊಡಕೊಳ್ಳೂದು ನಿಮ್ಮ ಹೊಣಿ."

ಗಾಳಿ ತೆಗೆದೇ ಅವನು ಗಾಡಿಗಳನ್ನು ಸಾಗಿಸುತ್ತಿದ್ದ. ಗಾಳಿಯಿಲ್ಲದ ಗಾಲಿಯನ್ನು ಉರುಳಿಸಿದರೆ ಟ್ಯೂಬು ಕೆಡುತ್ತದೆ ಎಂದೂ ಅವನೇ ಎಚ್ಚರಿಸಿದ. ಆದ್ದರಿಂದ ಇಳಿಸಿದ ಜಾಗದಲ್ಲಿಯೇ ನಾಲ್ಕೂ ಗಾಲಿಗಳಿಗೆ ಗಾಳಿ ತುಂಬಬೇಕು. ಅದಕ್ಕೆ ಜೊತೆಯಲ್ಲೇ ಒಯ್ಯಬಲ್ಲ ಪಂಪು ಬೇಕು. ಮುಂದೆ ದಾರಿಯಲ್ಲಿ ತಂಗಿಗೂ ಅದು ಬೇಕಾದೀತು ಎಂದು ಅಂದು ನನಗೆ ಹೊಳೆದಿತ್ತು. ದಿನಚರಿಯಲ್ಲಿ ಹಾಗೆಂದು ಬರೆದೂ ಇದ್ದೇನೆ. ಬರೆದ ಮೇಲೆ ಆ ವಿಚಾರವನ್ನು ಮತ್ತೆ ತೆರೆಯಲಿಲ್ಲ.

ಪಂಪಿನ ಆಯ್ಕೆಗೆ ಮೂರು ವಾರ ಹಿಡಿಯಿತು. ಅಷ್ಟು ದಿನ ಬೇಕಿರಲಿಲ್ಲ. ಆದರೆ ಉಳಿದ ಯಾವುದೂ ನನ್ನ ಕೈಯಲ್ಲಿರಲಿಲ್ಲ: ಬೆಸುಗೆ ನನ್ನದಲ್ಲ, ಟೆಂಪೊ ನನ್ನದಲ್ಲ, ಅಧಿಕಾರಿಯ ಸಹಿ ನನ್ನದಲ್ಲ. ಪಂಪೊಂದನ್ನಾದರೂ ತಪ್ಪಿಲ್ಲದೆ ಆರಿಸಬೇಕೆಂಬ ಹಟ ಹತ್ತಿತು. ಊಟದ ಹೊತ್ತಿನಲ್ಲೂ ಅದೇ ಚಿಂತೆ. ಶಾಸನದ ಅಚ್ಚು ತೆಗೆಯುವ ಕಾಗದದ ಹಿಂಬದಿಯಲ್ಲಿ ಒಂದು ಪಟ್ಟಿ ಮಾಡಿದೆ. ಭಾರವೆಷ್ಟು, ಗಾಳಿಯ ಒತ್ತಡ ತೋರುವ ಮುಳ್ಳಿದೆಯೆ, ಕೊಳವೆ ಎಷ್ಟುದ್ದ, ಒಳಗಿನ ವಾಶರ್ ಚರ್ಮದ್ದೋ ರಬ್ಬರಿನದೋ ಎಂದೆಲ್ಲ ಬರೆದೆ.

ಬಾದಾಮಿಯ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಸೈಕಲ್ಲಿನವರು ಬಳಸುವ ಉದ್ದನೆಯ ಕೈಪಂಪು ಇತ್ತು. ಬುಡದ ಪಟ್ಟಿಯನ್ನು ಎರಡು ಪಾದಗಳಿಂದ ಮೆಟ್ಟಿ ನಿಂತು, ಮೇಲಿನ ಹಿಡಿಯನ್ನು ಬಾಗಿ ಬಾಗಿ ಒತ್ತಬೇಕು. ನೆಲಕ್ಕೆ ಬಿದ್ದ ಕಲ್ಲುಗಳ ಮೇಲೆ ಬಗ್ಗಿ ಅಕ್ಷರ ಓದಿ ಓದಿ ನನ್ನ ನಡ ಆಗಲೇ ಕೆಟ್ಟಿತ್ತು. ಹತ್ತು ಸಲ ಬಾಗುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು; ಪಟ್ಟಿಯಲ್ಲಿ ಅದರ ಎದುರು ಗೆರೆ ಎಳೆದೆ. ಬಾಗಲಕೋಟೆಯ ಅಂಗಡಿಯಲ್ಲಿ ಮೋಟಾರಿನ ಪಂಪು ಬಂದಿತ್ತು, ಆಗಿನ್ನೂ ಹೊಸದು. ಬ್ಯಾಟರಿಗೆ ತಂತಿ ಚುಚ್ಚಿದರೆ ತಾನೇ ಗಾಳಿ ತುಂಬುತ್ತದೆ. ಆದರೆ ನಮ್ಮ ಸ್ಕೂಟರಿಗೆ ಬ್ಯಾಟರಿಯೇ ಇರಲಿಲ್ಲ. ಟೆಂಪೊದ ಬ್ಯಾಟರಿಗೆ ಹಚ್ಚಬಹುದು, ಟೆಂಪೊ ಹೋದ ಮೇಲೆ ಏನು? ಅದನ್ನೂ ಬಿಟ್ಟೆ. ಅದೇ ಅಂಗಡಿಯ ಕೆಳಗಿನ ಅರೆಯಲ್ಲಿ ಕಾಲಿನಿಂದ ಒತ್ತುವ ಪಂಪು ಸಿಕ್ಕಿತು. ಗಿಡ್ಡ ನಳಿಗೆ, ಮೇಲೆ ರಬ್ಬರ್ ಹೊದಿಸಿದ ಮೆಟ್ಟು, ಪಕ್ಕದಲ್ಲಿ ಒತ್ತಡದ ಮುಳ್ಳು. ಗೋಡೆ ಹಿಡಿದು ನೇರ ನಿಂತು ಒಂದು ಪಾದದಿಂದ ತುಳಿದರೆ ಸಾಕು. ನಡಕ್ಕೆ ನೋವಿಲ್ಲ.

ಅಂಗಡಿಯವರ ಸ್ಕೂಟರಿನ ಗಾಲಿಯ ಗಾಳಿ ಬಿಟ್ಟು, ಮತ್ತೆ ತುಂಬಿ, ಎಷ್ಟು ತುಳಿತಕ್ಕೆ ಮುಳ್ಳು ಎಲ್ಲಿಗೆ ಬಂತೆಂದು ಬರೆದುಕೊಂಡೆ. ಎರಡನೆಯ ಸಲ ಬಿಡಲು ಹೊರಟಾಗ ಅವರು ತಡೆದರು.

"ಸರ, ನೀವು ಪಂಪ್ ತಗೊಳ್ಳಾಕ ಬಂದೀರೋ, ಪರೀಕ್ಷಾ ತಗೊಳ್ಳಾಕ ಬಂದೀರೋ?"

ನಾನು ಎರಡಕ್ಕೂ ಎಂದೆ. ಅವರು ರಸೀದಿ ಪುಸ್ತಕ ಎಳೆದುಕೊಂಡು, ಬರೆಯುತ್ತಲೇ ಇನ್ನೊಂದು ಮಾತು ಕೇಳಿದರು: "ಗಾಳಿ ಹೊಡಿಯೋರು ಯಾರ್ರಿ?"

"ನಾನ" ಎಂದೆ.

ನಾನಿದ್ದ ಕಡೆ ಗಾಳಿ ಹೊಡೆಯುವವನು ನಾನೇ ಎಂಬುದು ನಿಜವಾಗಿತ್ತು. ಆ ಪುಟದ ಕೊನೆಯಲ್ಲಿ, ಪಂಪಿನ ವಿವರಗಳ ಕೆಳಗೆ, "ಬಳಸುವವರು: ನಾನು" ಎಂದು ನನ್ನದೇ ಅಕ್ಷರದಲ್ಲಿದೆ.

ಗಾಡಿ ಹೇಳಿದ ದಿನವೇ ಸಿದ್ಧವಾಯಿತು. ಮೇ ಹನ್ನೆರಡರ ಬೆಳಿಗ್ಗೆ ನಾಲ್ಕೂ ಗಾಲಿಗಳ ಗಾಳಿ ಬಿಟ್ಟು, ಹಗ್ಗ ಜಗ್ಗಿ ಕಟ್ಟಿ ಹೊರಟೆವು. ಚಾಲಕನ ಪಕ್ಕದಲ್ಲಿ ನಾನು, ತೊಡೆಯ ಮೇಲೆ ಪಂಪು. ಶಿರೂರು, ಕಮತಗಿ, ಅಮೀನಗಡ ದಾಟುವಾಗ ಪ್ರತಿ ಉಬ್ಬಿಗೂ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಚಾಲಕ ಮೊದಮೊದಲು ಸಮಾಧಾನ ಹೇಳಿದ. ಹುನಗುಂದದಲ್ಲಿ ಆ ಕಚೇರಿಯ ಮುಂದೆಯೇ ಹಾದುಹೋದೆವು. ರವಿವಾರದ ಬೀಗ ಬಿದ್ದಿತ್ತು. ಶನಿವಾರವೂ ಎರಡನೆಯ ಶನಿವಾರವೆಂದು ಮುಚ್ಚಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಹೇಳಿಕೊಳ್ಳಲು ಎರಡು ದಿನದಿಂದ ಅಲ್ಲಿ ಯಾರೂ ಇರಲಿಲ್ಲವೆಂಬುದು ಆ ಬೀಗ ನೋಡಿದಾಗ ಎದೆಗೆ ತಾಗಿತು.

ಇಳಕಲ್ಲಿನ ನಮ್ಮ ಓಣಿ ನಿಶ್ಶಬ್ದವಾಗಿತ್ತು. ಒಂದು ಮಗ್ಗದ ಸದ್ದೂ ಇಲ್ಲ. ಟೆಂಪೊದಿಂದ ಇಳಿದ ಮೇಲೆಯೇ ನನಗೆ ಹೊಳೆದದ್ದು, ಅಂದು ಅಮಾವಾಸ್ಯೆ. ಚಿತ್ರಭಾನು ಸಂವತ್ಸರದ ಚೈತ್ರ ಬಹುಳ ಅಮಾವಾಸ್ಯೆ, ರವಿವಾರ. ಸಾವಿರ ವರ್ಷದ ಹಿಂದಿನ ಅಮಾವಾಸ್ಯೆಗಳನ್ನು ಲೆಕ್ಕ ಹಾಕಿದವನು ಮನೆಯ ಗೋಡೆಯ ಪಂಚಾಂಗ ನೋಡಿರಲಿಲ್ಲ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಓಣಿಯ ಅಂಗಡಿಗಳೂ ನಿಲ್ಲುತ್ತವೆ. ಮೂಲೆಯ ಸೈಕಲ್ ಅಂಗಡಿಯ ಮುಸಲ್ಮಾನ ಅಜ್ಜನೂ ಗಿರಾಕಿಗಳಿಲ್ಲದ ಆ ದಿನವೇ ಮಗಳ ಊರಿಗೆ ಹೋಗಿಬರುವ ರೂಢಿ ಇಟ್ಟುಕೊಂಡಿದ್ದ. ಒಂದು ಉಪಕಾರವಾಯಿತು: ನೇಕಾರರೆಲ್ಲ ಮನೆಯಲ್ಲೇ ಇದ್ದುದರಿಂದ ಹತ್ತು ಕೈ ಸೇರಿ ಗಾಡಿಯನ್ನು ಹೂವಿನಂತೆ ಎತ್ತಿ ಕೆಳಗಿಟ್ಟವು. ಟೆಂಪೊದವನು ಗಂಗಾವತಿಯ ಬಾಡಿಗೆಯಿದೆಯೆಂದು ಹೊರಟುಹೋದ.

ನಾನು ಪಂಪನ್ನು ನೆಲಕ್ಕಿಟ್ಟು, ಕಟ್ಟೆಯ ಕಂಬ ಹಿಡಿದು ತುಳಿಯತೊಡಗಿದೆ. ಪಂಪು ಬಹಳ ಚೆನ್ನಾಗಿ ಕೆಲಸ ಮಾಡಿತು. ಓಣಿಯವರು ಮುಳ್ಳು ಏರುವುದನ್ನು ನೋಡಿ ತಲೆದೂಗಿದರು. ಮುಂದಿನ ಗಾಲಿ, ಹಿಂದಿನ ಗಾಲಿ, ಬಲಗಡೆಯದು, ಎಡಗಡೆಯದು. ತಂಗಿ ಕಟ್ಟೆಯ ಮೇಲೆ ಕೂತು ಮೊದಲಿಂದಲೂ ನೋಡುತ್ತಿದ್ದಳು. ಗಾಡಿಯನ್ನಲ್ಲ, ನನ್ನ ಪಾದವನ್ನು. ನಾಲ್ಕನೆಯ ಗಾಲಿ ಮುಗಿದಾಗ ಮೆಲ್ಲಗೆ ಕೇಳಿದಳು.

"ಅಣ್ಣಾ, ಇದನ್ನ ನಾ ಯಾವ ಕಾಲೀಲೆ ಒತ್ತಲಿ?"

ನನ್ನ ಪಾದ ಮೆಟ್ಟಿನ ಮೇಲೆಯೇ ಇತ್ತು. ತೆಗೆಯುವುದೂ ತಿಳಿಯಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡಿದರು. ಅವ್ವ ಬಾಗಿಲಲ್ಲಿ ನಿಂತಿದ್ದಳು. "ಬಿಡ ಯವ್ವಾ, ಕಲ್ಲಿನ ಕೂಡ ಬದಕಾಂವ ಅಂವ. ಮನಿಶ್ಯಾರಿಗಿ ಕಾಲಿರತಾವೋ ಇಲ್ಲೋ ಅಂವಗೇನ್ ಗೊತ್ತು" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಾನು ಮೂರು ವಾರ ಮಾಡಿದ ಪಟ್ಟಿ ಕಿಸೆಯಲ್ಲಿಯೇ ಇತ್ತು. ಅದರಲ್ಲಿ ಕೊಳವೆಯ ಉದ್ದ ಅಂಗುಲದಲ್ಲಿತ್ತು.

ಆ ಹೊತ್ತಿಗೆ ಇದು ಮುಂದಿನ ದಿನಗಳ ತೊಡಕು, ನಾಳೆಗೇನೂ ಅಡ್ಡಿಯಿಲ್ಲ ಎಂದು ನನ್ನನ್ನು ನಾನೇ ಸಂತೈಸಿಕೊಂಡೆ. ಊಟ ಮುಗಿಸಿ ಹೊರಬಂದು ನೋಡಿದರೆ ಗಾಡಿ ಎಡಕ್ಕೆ ವಾಲಿತ್ತು. ಎಡಗಡೆಯ ಗಾಲಿ ಮೆತ್ತಗಾಗಿತ್ತು. ಮತ್ತೆ ಗಾಳಿ ತುಂಬಿ, ತಂಗಿಯೇ ಗಾಡಿ ಓಡಿಸಿಕೊಂಡು, ನಾನು ಪಕ್ಕದಲ್ಲಿ ನಡೆದು, ಹೆದ್ದಾರಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವವನ ಬಳಿಗೆ ಹೋದೆವು. ಅವನಿಗೆ ಅಮಾವಾಸ್ಯೆಯಿಲ್ಲ, ಹುಣ್ಣಿಮೆಯಿಲ್ಲ. ಗಾಲಿ ಬಿಚ್ಚಿ, ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಬರುವ ಜಾಗಕ್ಕೆ ಹೆಬ್ಬೆರಳಿಟ್ಟು ತೋರಿಸಿದ.

"ಪಂಚರ್ ಅಲ್ರಿ ಇದು. ವಾಲ್ ಬುಡಕ್ಕ ಹರದೈತಿ. ಗಾಳಿ ಇಲ್ಲದನ ಭಾರ ಹೊತ್ತು ಬಂದೈತಿ ನೋಡ್ರಿ. ಇಲ್ಲಿ ಪ್ಯಾಚ್ ನಿಲ್ಲಂಗಿಲ್ಲ. ಟ್ಯೂಬ್ ಬದಲಿ ಮಾಡಬೇಕು."

ಆ ಅಳತೆಯ ಟ್ಯೂಬು ಅವನಲ್ಲಿರಲಿಲ್ಲ. ಊರಿನಲ್ಲಿ ಅದನ್ನು ಮಾರುತ್ತಿದ್ದ ಎರಡೂ ಅಂಗಡಿಗಳು ಮುಚ್ಚಿದ್ದವು. ಒಬ್ಬರ ಮನೆ ಹುಡುಕಿ ಹೋದರೆ ಬೀಗ. ಇನ್ನೊಬ್ಬರು ಮನೆಯಲ್ಲಿದ್ದರು, ಆದರೆ ಅಂಗಡಿಯ ಕೀಲಿಕೈ ಇದ್ದ ಅವರ ತಮ್ಮ ಊರಲ್ಲಿರಲಿಲ್ಲ, ಸೋಮವಾರ ಸಂಜೆಗೆ ಬರುತ್ತಾನೆಂದರು. ಬದಲಿ ಗಾಲಿ ಇದ್ದಿದ್ದರೆ ಸಾಕಿತ್ತು. ಬದಲಿ ಗಾಲಿಯೇ ಈಗ ಎಡಗಾಲಿಯಾಗಿ ಸೋರುತ್ತಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಮೂರು ತಾಸು ಸುತ್ತಿ ಮನೆಗೆ ಬಂದು ಪಡಸಾಲೆಯಲ್ಲಿ ಕೂತೆ. ನೀರು ಕುಡಿಯಲೂ ಮನಸ್ಸಾಗಲಿಲ್ಲ. ನಾಳೆ ಬೇರೆ ಟೆಂಪೊದಲ್ಲಿ ಗಾಡಿಯನ್ನು ಹುನಗುಂದದ ಹೊರಗಿನವರೆಗೆ ಒಯ್ದು ಇಳಿಸೋಣ, ಅಲ್ಲಿಂದ ಕಚೇರಿಗೆ ಓಡಿಸಿಕೊಂಡು ಹೋದರಾಯಿತು ಎಂದು ಸೂಚಿಸಿದೆ. ಜೀವಮಾನವೆಲ್ಲ ಖೊಟ್ಟಿ ತಾಮ್ರಪಟಗಳನ್ನು ಬಯಲಿಗೆಳೆದ ನಾನು ಅಂಥ ಮಾತು ಆಡಿದೆ ಎಂಬುದನ್ನು ಇಲ್ಲಿ ದಾಖಲಿಸಬೇಕು.

"ನಾಳೆ ಟೆಂಪೊ ತರತಿ. ನಾಡದ?" ಎಂದಳು ತಂಗಿ.

ಹಾಗಾದರೆ ಹಿಂದಿನ ಸೀಟಿನಲ್ಲಿ ನಾನು ಕೂತು ಬರುತ್ತೇನೆ, ಗಾಳಿ ಇಳಿದಾಗಲೆಲ್ಲ ತುಳಿಯುತ್ತೇನೆ ಎಂದೆ. ನಿನ್ನ ಭಾರಕ್ಕೆ ಗಾಳಿ ಬೇಗ ಇಳಿಯುತ್ತದೆ, ಅಲ್ಲದೆ ಒಬ್ಬಳೇ ಎಂದು ಅವರು ಹೇಳಿದ್ದು ಮರೆತೆಯಾ ಎಂದಳು. ಆಮೇಲೆ ಪಂಪನ್ನು ತನ್ನ ಕಡೆ ಎಳೆದುಕೊಂಡಳು. ನೆಲದ ಮೇಲೆ ಕೂತು, ಕಾಲುಗಳನ್ನು ಒಂದು ಬದಿಗೆ ಕೈಯಿಂದ ಎತ್ತಿಟ್ಟು, ಎರಡೂ ಅಂಗೈಗಳನ್ನು ರಬ್ಬರ್ ಮೆಟ್ಟಿನ ಮೇಲಿಟ್ಟು, ಹೆಗಲಿನ ಭಾರವನ್ನೆಲ್ಲ ಹಾಕಿ ಒತ್ತಿದಳು. ಮೆಟ್ಟು ಇಳಿಯಿತು. ಮತ್ತೆ ಒತ್ತಿದಳು. ಮೂರನೆಯದಕ್ಕೆ ಪಂಪು ಪಕ್ಕಕ್ಕೆ ಜಾರಿ ಅವಳ ಮುಖ ನೆಲಕ್ಕೆ ಬಡಿಯುವುದರಲ್ಲಿತ್ತು. ನಾನು ಎದ್ದೆ.

"ನೀ ಕುಂಡ್ರ" ಎಂದಳು.

ಅವ್ವ ಮಗ್ಗದ ಕುಣಿಯ ಬದಿಯಿಂದ ಹಳೆಯ ಗೋಣಿತಾಟೊಂದನ್ನು ತಂದು ಪಂಪಿನ ಕೆಳಗೆ ಹಾಸಿದಳು. ಜಾರುವುದು ನಿಂತಿತು. ಆ ಸಂಜೆ ತಂಗಿ ಎಡಗಾಲಿಯ ಗಾಳಿಯನ್ನು ತಾನೇ ಬಿಟ್ಟು ತಾನೇ ತುಂಬಿದಳು. ನಾನು ಒಂದೂವರೆ ನಿಮಿಷದಲ್ಲಿ ತುಂಬಿದ್ದ ಗಾಲಿಗೆ ಅವಳಿಗೆ ಹತ್ತು ನಿಮಿಷ ಹಿಡಿಯಿತು. ಕುಳಿತಲ್ಲಿಂದ ಏಳಲು, ಪಕ್ಕದ ಗಾಲಿಯ ಮೇಲಿನ ಕಬ್ಬಿಣ ಹಿಡಿದು ತೋಳಬಲದಿಂದ ಮೈಯನ್ನು ಸೀಟಿಗೆ ಎಳೆದುಕೊಳ್ಳಲು ಇನ್ನೂ ಐದು. ನಾನು ಗಡಿಯಾರ ನೋಡುತ್ತಿದ್ದುದನ್ನು ಅವಳು ಕಂಡಳು. ಮಲಗುವ ಮೊದಲು ನನ್ನಿಂದ ಒಂದು ಮಾತು ತೆಗೆದುಕೊಂಡಳು. ಅವಳು ಎಂಟಕ್ಕೆ ಹೊರಡುವುದು. ನಾನು ಒಂಬತ್ತರ ಮೇಲಿನ ಬಸ್ಸಿಗೆ ಹೋಗಿ ಕಚೇರಿಯ ಬಾಗಿಲಲ್ಲಿ ನಿಲ್ಲುವುದು.

"ದಾರ್ಯಾಗ ನಾ ಹ್ಯಾಂಗ ಕಂಡ್ರೂ ಬಸ್ ನಿಂದ್ರಸಬ್ಯಾಡ. ನಿಂತ್ರ ಮಂದಿ ಇಳೀತಾರ. ಇಳದ್ರ ಎತ್ತತಾರ."

ಆಗಲಿ ಎಂದೆ.

ಸೋಮವಾರ ಬೆಳಿಗ್ಗೆ ಗೋಣಿತಾಟು, ಪಂಪು, ನೀರಿನ ಬಾಟಲಿ, ಆದೇಶದ ಪತ್ರಗಳ ಚೀಲ ಇಷ್ಟನ್ನು ಗಾಡಿಯ ಮುಂದೆ ಕಟ್ಟಿಕೊಂಡು ಅವಳು ಹೊರಟಳು. ಅವ್ವ ನಿವಾಳಿಸಿದಳು. ಓಣಿಯ ಮಗ್ಗಗಳು ಅಮಾವಾಸ್ಯೆ ಕಳೆದು ಮತ್ತೆ ಬಡಿಯುತ್ತಿದ್ದವು. ಅವಳು ತಿರುವಿನಲ್ಲಿ ಮರೆಯಾಗುವ ತನಕ ಎಡಗಾಲಿಯನ್ನೇ ನೋಡಿದೆ.

ನನ್ನ ಬಸ್ಸು ತಡವಾಗಿ ಹೊರಟಿತು. ಎಡಗಡೆಯ ಕಿಟಕಿಯ ಬಳಿ ಕೂತೆ. ದಾರಿಯುದ್ದಕ್ಕೂ ಅವಳು ಕಾಣದಿರಲಿ, ಎಂದರೆ ಆಗಲೇ ಮುಟ್ಟಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅರ್ಧ ದಾರಿ ದಾಟಿತ್ತು. ಒಂದು ಜಾಲಿಗಿಡದ ತುಸು ಮುಂದೆ, ನೆರಳಿಲ್ಲದ ಕಡೆ, ಗಾಡಿ ಎಡಕ್ಕೆ ವಾಲಿ ನಿಂತಿತ್ತು. ತಂಗಿ ರಸ್ತೆಯ ಬದಿಯ ಮಣ್ಣಿನಲ್ಲಿ ಕೂತಿದ್ದಳು. ಸೆರಗನ್ನು ತಲೆಗೆ ಬಿಗಿದುಕೊಂಡು, ಎರಡೂ ಕೈಗಳನ್ನು ಪಂಪಿನ ಮೇಲಿಟ್ಟು, ಮುಂದಕ್ಕೆ ಬೀಳುವಂತೆ ಬಾಗಿ ಒತ್ತುತ್ತಿದ್ದಳು. ಲಾರಿಯೊಂದು ಹಾರ್ನ್ ಹೊಡೆಯುತ್ತ ಎದುರಿನಿಂದ ಹೋಯಿತು. ಧೂಳಿನಲ್ಲಿ ಅವಳು ತಲೆ ಎತ್ತಲಿಲ್ಲ.

ನಾನು ಎದ್ದು ನಿಂತೆ. ಕಂಡಕ್ಟರ್ ನನ್ನ ಮುಖ ನೋಡಿ, "ಯಾಕ್ರಿ ಯಜಮಾನ್ರ, ಇಲ್ಲಿ ಇಳಿಯೋದೈತೇನು?" ಎಂದು ಶಿಳ್ಳೆಯನ್ನು ಬಾಯಿಗಿಟ್ಟುಕೊಂಡ. ಇಲ್ಲವೆಂದು ತಲೆಯಾಡಿಸಿ ಕೂತೆ. ಪಕ್ಕದಲ್ಲಿ ಕೂತವರು ಕಿಟಕಿಯಾಚೆ ಬಗ್ಗಿ ನೋಡಿ, ಪಾಪ, ಯಾರೋ ಹೆಣ್ಣುಮಗಳು, ಅವರ ಮನೆಯವರಿಗಾದರೂ ಬುದ್ಧಿ ಬೇಡವೆ ಎಂದರು. ನಾನು ಹೌದೆಂದೆ.

ಕಚೇರಿಯ ಹೆಡ್ ಕ್ಲಾರ್ಕರಿಗೆ ವಿಷಯ ತಿಳಿಸಿದೆ. ಅವರು ಒಳ್ಳೆಯವರು, ಕುರ್ಚಿ ಕೊಟ್ಟರು. ದಿನ ಮುಗಿಯುವುದು ಸಂಜೆ ಐದೂವರೆಗೆ, ಆದರೆ ಸಾಹೇಬರು ಹನ್ನೆರಡಕ್ಕೆ ಬಾಗಲಕೋಟೆಯ ಸಭೆಗೆ ಹೊರಡುತ್ತಾರೆ, ಅವರ ಸಹಿ ಇಲ್ಲದೆ ಹಾಜರಿ ಇಲ್ಲ ಎಂದರು. ಹತ್ತೂವರೆಯಾಯಿತು. ಹನ್ನೊಂದಾಯಿತು. ಕುರ್ಚಿಯಲ್ಲಿ ಕೂರಲಾಗದೆ ಗೇಟಿಗೆ ಬಂದು ನಿಂತೆ. ಜೀಪಿನ ಚಾಲಕ ಗಾಜು ಒರೆಸತೊಡಗಿದ. ಹನ್ನೊಂದೂವರೆ. ಹೋಗಿ ನೋಡಲೇ ಎಂದರೆ ನಡೆದು ಹೋಗುವ ದೂರವಲ್ಲ. ಬಸ್ಸು ನಿಲ್ಲಿಸದೆ ಬಂದವನು ಈಗ ಯಾವ ಮುಖ ಹೊತ್ತು ಹೋಗಲಿ? ಅವಳು ಎದ್ದು ಕೂರಲಾರದೆ ಅಲ್ಲಿಯೇ ಉಳಿದಿದ್ದರೆ? ಯಾರೋ ಎತ್ತಿದ್ದರೆ?

ಹನ್ನೆರಡಕ್ಕೆ ಹದಿನಾಲ್ಕು ನಿಮಿಷವಿರುವಾಗ ಗಾಡಿಯ ಸದ್ದು ಕೇಳಿಸಿತು. ಎಡಕ್ಕೆ ಕುಂಟುತ್ತ ಬಂದು ಗೇಟಿನೊಳಗೆ ನಿಂತಿತು. ಅವಳ ಸೀರೆ ಮೊಣಕಾಲಿನ ತನಕ ಕೆಂಪು ಮಣ್ಣಾಗಿತ್ತು. ಅಧಿಕಾರಿ ಜೀಪಿನ ಕಡೆ ಇಳಿದು ಬರುತ್ತಿದ್ದವರು ಮೆಟ್ಟಿಲ ಮೇಲೆ ತಡೆದು ನಿಂತರು. ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ಒಬ್ಬರ ಬಂದ್ರ್ಯಾ?"

"ಹೌದ್ರಿ. ಒಬ್ಬಾಕೆನ."

"ಕೈಗೆ ಏನಾತು?"

ಅವಳು ಅಂಗೈ ತಿರುಗಿಸಿ ತಾನೂ ಆಗಷ್ಟೇ ನೋಡಿಕೊಂಡಳು. ಕಪ್ಪು ರಬ್ಬರಿನ ಮಸಿ, ನಡುವೆ ಚರ್ಮ ಸುಲಿದು ಕೆಂಪಾಗಿತ್ತು. "ಗಾಳಿ ಹೊಡದೆರಿ" ಎಂದಳು.

ಅಧಿಕಾರಿ ತಿರುಗಿ ಒಳಗೆ ನಡೆದರು. ಹೆಡ್ ಕ್ಲಾರ್ಕರು ಹಾಜರಿಯ ಕಾಗದ ಮುಂದಿಟ್ಟರು. ಕೈ ತೊಳೆಯುವಷ್ಟು ಹೊತ್ತಿರಲಿಲ್ಲ. ಅದರ ಪ್ರತಿ ನನ್ನ ಬಳಿ ಇದೆ: ೧೩-೫-೨೦೦೨, ಪೂರ್ವಾಹ್ನ. ಸಹಿಯ ಪಕ್ಕದಲ್ಲಿ ಹೆಬ್ಬೆರಳಿನ ಕಪ್ಪು ಗುರುತು ಪ್ರತಿಯಲ್ಲೂ ಮೂಡಿದೆ. ಈ ತಾರೀಖಿಗೆ ಬೇರೆ ಆಧಾರ ನನಗೆ ಬೇಕಿಲ್ಲ.

ಒಳಗೆ ಹೋಗುವ ಮೊದಲು ಅವಳು ನನ್ನ ಕಡೆ ತಿರುಗಿ, "ಆರು ಸರ್ತಿ ಹೊಡದೆ. ಬರಕೋ, ನಿನಗ ಬೇಕಾಗತೈತಿ" ಎಂದಳು. ನಗುತ್ತಿದ್ದಳೋ ಇಲ್ಲವೋ, ಬೆವರಿನ ಮುಖದಲ್ಲಿ ತಿಳಿಯಲಿಲ್ಲ. ನಾನು ಬರೆದುಕೊಳ್ಳಲಿಲ್ಲ. ಹಾಗಾಗಿ ಆರು ಎಂಬುದಕ್ಕೆ ನನ್ನ ನೆನಪಿನ ಹೊರತು ದಾಖಲೆಯಿಲ್ಲ.

ಜೀಪು ಹೊರಟುಹೋಯಿತು. ನಾನು ಟ್ಯೂಬು ತರಲು ಹುನಗುಂದದ ಪೇಟೆಗೆ ಹೋಗಬೇಕಾಗಿತ್ತು. ಸಂಜೆ ಅವಳು ಇದೇ ಗಾಡಿಯಲ್ಲಿ ಮರಳಬೇಕು. ಆದರೆ ಮೊದಲು ಗಾಡಿಯ ಬಳಿಗೆ ಹೋದೆ. ಎಡಗಾಲಿ ಮತ್ತೆ ಇಳಿಯುತ್ತಿತ್ತು. ಗೋಣಿತಾಟು ಹಾಸಿ, ಪಂಪಿಟ್ಟು, ಅವಳು ಕೂತಂತೆ ಕಾಲುಗಳನ್ನು ಬದಿಗೆ ಮಡಚಿ ನೆಲದ ಮೇಲೆ ಕೂತೆ. ಎರಡು ಅಂಗೈಗಳನ್ನು ಮೆಟ್ಟಿನ ಮೇಲಿಟ್ಟು ಒತ್ತಿದೆ. ಮೊದಲ ಹತ್ತು ಹಗುರವಾಗಿ ಹೋದವು. ಹದಿನೈದಕ್ಕೆ ಮಣಿಕಟ್ಟು ನಡುಗತೊಡಗಿತು. ಗಾಳಿ ಏರಿದಂತೆ ಮೆಟ್ಟು ಕಲ್ಲಾಗುತ್ತದೆ ಎಂಬುದು ಪಾದಕ್ಕೆ ತಿಳಿದಿರಲಿಲ್ಲ. ಇಪ್ಪತ್ತಮೂರಕ್ಕೆ ಅಂಗೈ ಜಾರಿತು, ಗಲ್ಲ ಗಾಲಿಯ ಕಬ್ಬಿಣಕ್ಕೆ ತಾಗಿತು. ಮುಳ್ಳು ಅರ್ಧವೂ ಏರಿರಲಿಲ್ಲ. ಬಾಗಲಕೋಟೆಯ ಅಂಗಡಿಯಲ್ಲಿ ಮಾಡಬೇಕಾಗಿದ್ದ ಪರೀಕ್ಷೆ ಇದೊಂದೇ.

ಜೀಪಿನ ಚಾಲಕ ಬಿಟ್ಟುಹೋಗಿದ್ದ ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿ ಮತ್ತೆ ಕೂತೆ. ಒಳಗಿನಿಂದ ಹೆಡ್ ಕ್ಲಾರ್ಕರು ಕಿಟಕಿಗೆ ಬಂದು, ಯಜಮಾನರೆ, ಅದು ಕಾಲಿನಿಂದ ಒತ್ತುವ ಪಂಪಲ್ಲವೆ ಎಂದು ಕೇಳಿದರು. ಹೌದೆಂದು ಹೇಳಿ, ಇಪ್ಪತ್ತನಾಲ್ಕನೆಯದನ್ನು ಒತ್ತಿದೆ.